39ರ ದೋಬಾರಿ ಶಿನಾಯ್: ಬಿದಿರು ಚೆನ್ನ, ಕಟ್ಟಿದ್ದು ಸಾಲದು

ಜಪಾನಿನ ಕತ್ತಿವರಸೆಯಾದ ಕೆಂಡೋ ಕಲಿಯುವವರು ಮೊದಲು ಕೊಳ್ಳುವ ಬಿದಿರ ಕತ್ತಿ ಸಾಮಾನ್ಯವಾಗಿ ದೋಬಾರಿ ಮಾದರಿಯ ಶಿನಾಯ್. ಹಿಡಿಯ ಮುಂದೆ ಹೊಟ್ಟೆ ಉಬ್ಬಿಕೊಂಡು ತುದಿಯತ್ತ ತೆಳ್ಳಗಾಗುತ್ತಾ ಹೋಗುವ ಆಕಾರ. ಭಾರ ಕೈಯ ಕಡೆ ಕೂತಿರುವುದರಿಂದ ತುದಿ ಹಗುರವಾಗಿ ಏಳುತ್ತದೆ, ಹೊಸಬರ ತೋಳು ಬೇಗ ಸೋಲುವುದಿಲ್ಲ. ಇಲ್ಲಿ ಪರಿಶೀಲಿಸಿದ್ದು ಜಪಾನಿನ ಅಂಗಡಿಯೊಂದರಿಂದ ತರಿಸಿದ, ಮೂರು ಸಾವಿರ ಯೆನ್ ಆಸುಪಾಸಿನ, ಪೂರ್ತಿ ಜೋಡಿಸಿಯೇ ಕಳಿಸುವ ಗಂಡಸರ 39ರ ಅಳತೆಯದು. ಬಿದಿರಿನ ಮಟ್ಟಿಗೆ ದುಡ್ಡಿಗೆ ಮೋಸವಿಲ್ಲ. ಆದರೆ ಬಿಚ್ಚಿ ಕಟ್ಟದೆ ಹಾಗೇ ದೋಜೋಗೆ (ಅಭ್ಯಾಸದ ಜಾಗಕ್ಕೆ) ಒಯ್ಯುವಂತಿಲ್ಲ.

39 ಅಂದರೆ ಜಪಾನಿನ ಹಳೆಯ ಅಳತೆಯಲ್ಲಿ ಮೂರು ಶಾಕು ಒಂಬತ್ತು ಸುನ್, ಸುಮಾರು 118 ಸೆಂ.ಮೀ. ವಯಸ್ಕರ ಪಂದ್ಯಕ್ಕೆ 120 ಸೆಂ.ಮೀ. ಮೀರಬಾರದು. ತ್ಸುಬಾ (ಹಿಡಿಯ ಮುಂದೆ ಕೈ ಕಾಯುವ ಬಿಲ್ಲೆ) ಬಿಟ್ಟು ಗಂಡಸರಿಗೆ ಕನಿಷ್ಠ 510 ಗ್ರಾಂ, ಹೆಂಗಸರಿಗೆ 440 ಗ್ರಾಂ ತೂಗಬೇಕು. ಇದು 518 ತೂಗಿತು. ಪಾಸಾಯಿತು ಅಂತ ಸಮಾಧಾನಪಡುವ ಹಾಗಿಲ್ಲ, ಬಿದಿರು ಒಣಗಿದಂತೆ ಹಗುರಾಗುತ್ತದೆ. ಬೆಂಗಳೂರಿನ ಫೆಬ್ರುವರಿ–ಮಾರ್ಚಿನ ಒಣಹವೆಯಲ್ಲಿ ಆ ಎಂಟು ಗ್ರಾಂ ಉಳಿದೀತೆಂದು ನೆಚ್ಚಿಕೊಳ್ಳಬೇಡಿ. ಪಂದ್ಯಕ್ಕೆ ಬೇಕಿದ್ದರೆ 525 ದಾಟಿದ್ದನ್ನೇ ಆರಿಸಿ ಕಳಿಸಲು ಆರ್ಡರಿನ ಜೊತೆಗೇ ಬರೆಯಿರಿ. ತುದಿಯ ದಪ್ಪಕ್ಕೂ ಲೆಕ್ಕವಿದೆ: ಗಂಡಸರದ್ದಕ್ಕೆ ಕನಿಷ್ಠ 26 ಮಿ.ಮೀ. ದೋಬಾರಿಯಲ್ಲಿ ತುದಿಯೇ ತೆಳ್ಳಗಿರುವುದರಿಂದ ಕ್ಯಾಲಿಪರ್ ಹಿಡಿದು ನೋಡುವುದು ಒಳ್ಳೆಯದು. ಇದರದ್ದು ಸರಿಯಿತ್ತು.

ಈಗ ಬಿದಿರು. ಶಿನಾಯ್ ಅಂದರೆ ನಾಲ್ಕು ದಬ್ಬೆಗಳ ಕಟ್ಟು. ಇದರ ನಾಲ್ಕೂ ದಬ್ಬೆಗಳ ಗೆಣ್ಣುಗಳು ಒಂದೇ ಸಾಲಿಗೆ ಬಂದಿವೆ, ಎಳೆ ಉದ್ದಕ್ಕೂ ನೇರ, ಎಲ್ಲೂ ತಿರುಚಿಲ್ಲ. ಹಿಡಿಯ ಕಡೆ ಒಳಮೈಯಲ್ಲಿ ಕೊರೆದ ಸೀಳಿನಲ್ಲಿ ಚಿಗಿರಿ ಎಂಬ ಪುಟ್ಟ ಚೌಕ ತಗಡು ಅಲುಗಾಡದೆ ಕೂತಿದೆ. ದಬ್ಬೆಗಳು ಅತ್ತಿತ್ತ ಜಾರದಂತೆ ತಡೆಯುವುದು ಅದೇ. ಈ ಬೆಲೆಗೆ ಇಷ್ಟು ಅಚ್ಚುಕಟ್ಟು ಸಿಗುವುದು ಅಪರೂಪ. ಹಿಡಿಯ ಮೇಲಿನ ಕೆತ್ತನೆ ಅಕ್ಷರಗಳಿಗೆ ಹೆಚ್ಚು ಕೊಡುವವರಿದ್ದಾರೆ. ಅದು ಶೋಕಿ, ಅಷ್ಟೇ.

ಕೈಕೊಟ್ಟದ್ದು ದಾರ ಮತ್ತು ಚರ್ಮ. ತುದಿಯ ಚರ್ಮದ ಟೋಪಿಯಿಂದ (ಸಾಕಿಗಾವಾ) ಹಿಡಿಯ ಚರ್ಮದವರೆಗೆ ಬೆನ್ನ ಮೇಲೆ ಹಾದುಹೋಗುವ ತ್ಸುರು ಎಂಬ ದಾರ ಸಡಿಲವಿತ್ತು. ನಾಲ್ಕು ದಬ್ಬೆಗಳನ್ನೂ ನಡುವೆ ಬಿಗಿಯುವ ನಾಕಾಯುಯಿ ಎಂಬ ಚರ್ಮದ ಪಟ್ಟಿ ತುದಿಯಿಂದ 30 ಸೆಂ.ಮೀ. ಸುಮಾರಿಗೆ, ಅಂದರೆ ಒಟ್ಟು ಉದ್ದದ ಕಾಲು ಭಾಗದಲ್ಲಿ ಇರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಕೆಳಕ್ಕೆ ಜಾರುತ್ತಿತ್ತು. ಇದು ಸಣ್ಣ ವಿಷಯವಲ್ಲ. ನಾಕಾಯುಯಿ ಜಾರಿದರೆ ಏಟು ಬಿದ್ದಾಗ ದಬ್ಬೆಗಳು ಬಾಯಿ ಬಿಡುತ್ತವೆ. ತ್ಸುರು ಸಡಿಲವಾದರೆ ಟೋಪಿ ಕಳಚಿಕೊಂಡು ಬಿಡಿ ದಬ್ಬೆಯ ತುದಿ ಎದುರಾಳಿಯ ಮುಖಕವಚದ ಸರಳುಗಳ ನಡುವೆ ತೂರಬಹುದು. ಆಚೆ ಇರುವುದು ಕಣ್ಣು.

ಹಾಗಾಗಿ ಬಿಚ್ಚಿ. ಮೊದಲು ಹಿಡಿಯ ಕಡೆಯ ತ್ಸುರು ಗಂಟು, ಆಮೇಲೆ ನಾಕಾಯುಯಿ, ಟೋಪಿ, ಅದರೊಳಗಿನ ರಬ್ಬರ್. ಕೊನೆಗೆ ಹಿಡಿಯ ಚರ್ಮವನ್ನು ತಿರುಚುತ್ತಾ ಎಳೆಯಿರಿ. ದಬ್ಬೆಗಳ ಒಳಮೈಗೆ ಪೆನ್ಸಿಲಿನಲ್ಲಿ 1ರಿಂದ 4 ಬರೆದಿಟ್ಟುಕೊಳ್ಳಿ, ಚಿಗಿರಿ ಮಂಚದಡಿ ಉರುಳಿ ಹೋಗದಂತೆ ನೋಡಿಕೊಳ್ಳಿ. ದಬ್ಬೆಯ ಅಂಚುಗಳು ಕಾರ್ಖಾನೆಯಿಂದ ಚೂಪಾಗಿಯೇ ಬರುತ್ತವೆ, ಸಿಬಿರು ಏಳುವುದು ಅಲ್ಲಿಂದಲೇ. 240ರ ಸ್ಯಾಂಡ್‌ಪೇಪರಿನಲ್ಲಿ ಅಂಚಿನ ಚೂಪನ್ನು ಮಾತ್ರ ಮುರಿಯಿರಿ, 400ರಲ್ಲಿ ನಯ ಮಾಡಿ. ಹೊರಸಿಪ್ಪೆಯನ್ನು ಉಜ್ಜಬೇಡಿ, ಬಿದಿರಿನ ಗಟ್ಟಿ ನಾರೆಲ್ಲ ಅಲ್ಲೇ ಇರುವುದು.

ಆಮೇಲೆ ಬಿದಿರಿಗೆ ಎಣ್ಣೆ. ಅದನ್ನು ಹೀರುವುದು ಒಳಮೈ, ಹೊರಗಡೆ ಸವರಿದರೆ ಜಿಡ್ಡಷ್ಟೇ. ತೆಳುವಾಗಿ ಒರೆಸಿ ಒಂದೆರಡು ದಿನ ಬಿಡಿ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ.

ಮತ್ತೆ ಕಟ್ಟುವಾಗ ಏಟು ತಿನ್ನುವ ಕೆಳಗಿನ ದಬ್ಬೆಯ ಜಾಗಕ್ಕೆ ಬೇರೊಂದನ್ನು ತನ್ನಿ. ಹೀಗೆ ಸರದಿ ಹಾಕಿದರೆ ನಾಲ್ಕೂ ಒಂದೇ ಸಮ ಸವೆಯುತ್ತವೆ. ತ್ಸುರುವನ್ನು ಮೈಯೆಲ್ಲ ಭಾರ ಹಾಕಿ ಎಳೆಯುವವರೂ ಉಂಟು, ಆಗ ಶಿನಾಯ್ ಬಿಲ್ಲಿನಂತೆ ಬೆನ್ನ ಕಡೆಗೆ ಬಾಗುತ್ತದೆ. ಹಿಡಿಯ ಚರ್ಮ ಉದ್ದವಾಯಿತೇ ಎಂದು ನೋಡಲು ಹಿಡಿಯ ಬುಡವನ್ನು ಬಲಮೊಣಕೈ ಮಡಚುವ ಜಾಗಕ್ಕಿಟ್ಟು ತ್ಸುಬಾದ ಕೆಳಗೆ ಬಲಗೈ ಹಿಡಿಯಿರಿ. ಮುಷ್ಟಿ ತ್ಸುಬಾಗೆ ಸರಿಯಾಗಿ ತಾಗಬೇಕು. ಕುಳ್ಳಗಿನವರಿಗೆ ಈ ಮಾದರಿಯ ಹಿಡಿ ಉದ್ದವೇ.

ಕಾರ್ಬನ್ ಶಿನಾಯ್ ಜೊತೆ ಹೋಲಿಸಿ ಕೇಳುವವರಿಗೆ: ಅದರ ಬೆಲೆ ಇದರ ಹಲವು ಪಟ್ಟು, ಬಾಳಿಕೆಯೂ ಹೆಚ್ಚು, ದಿನಾ ಅಭ್ಯಾಸ ಮಾಡುವವರಿಗೆ ಲೆಕ್ಕ ಸರಿಹೋಗುತ್ತದೆ. ಏಟಿನ ಅನುಭವ ಮಾತ್ರ ಬಿದಿರಿನದ್ದಲ್ಲ. ಮೇಲ್ಪದರ ಕಿತ್ತು ಕಪ್ಪು ನಾರು ಕಂಡ ದಿನವೇ ಅದನ್ನು ಬಿಸಾಡಬೇಕು, ಉಜ್ಜಿ ಸರಿಪಡಿಸುವಂತಿಲ್ಲ.

ಇದೇ ಅಂಗಡಿ ಬರೀ ದಬ್ಬೆಗಳ ಕಟ್ಟನ್ನೂ ಕಡಿಮೆ ಬೆಲೆಗೆ ಮಾರುತ್ತದೆ. ಎರಡನೆಯ ಸಲ ಅದನ್ನೇ ತರಿಸಿ, ಇರುವ ಚರ್ಮವನ್ನೇ ತೊಡಿಸಿ. ಸಾಕಿಗಾವಾ ಮಾತ್ರ ಒಂದೆರಡು ಹೆಚ್ಚಿಗೆ ಇರಲಿ, ಮೊದಲು ಹರಿಯುವುದು ಅದೇ. ಒಂದು ದಬ್ಬೆ ಒಡೆದರೆ ಉಳಿದ ಮೂರನ್ನು ಎಸೆಯಬೇಡಿ. ಗೆಣ್ಣು ಹೊಂದುವ ಇದೇ ಮಾದರಿಯ ಇನ್ನೊಂದು ಹಳೆಯದು ಸಿಕ್ಕರೆ ಎರಡರಿಂದ ಒಂದು ಕಟ್ಟಬಹುದು.