ಕಲಬುರಗಿಯ ಆಧಾರ್ ಕೇಂದ್ರದಲ್ಲಿ ಅವ್ವನ ಹೆಬ್ಬೆಟ್ಟು

ಎರಡು ತಿಂಗಳಿಂದ ನ್ಯಾಯಬೆಲೆ ಅಂಗಡಿಯ ಯಂತ್ರ ನಮ್ಮ ಅವ್ವನ ಹೆಬ್ಬೆಟ್ಟನ್ನು ಗುರುತಿಸದೆ ಇದ್ದುದರಿಂದ, ಬೆರಳಚ್ಚನ್ನು ಹೊಸದಾಗಿ ದಾಖಲಿಸಲು ಆಕೆಯನ್ನು ಕಲಬುರಗಿ ನಗರದ ಒಂದು ಆಧಾರ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ನಲವತ್ತು ವರ್ಷ ತೊಗರಿ ಕೊಯ್ದು, ರಾಶಿ ಮಾಡಿ, ಹಸನು ಮಾಡಿದ ಕೈ ಅದು. ಅದರ ಗೆರೆಗಳು ಸವೆದಿದ್ದರೆ ತಪ್ಪು ಆಕೆಯದಲ್ಲ.

ಆ ಕೇಂದ್ರದ ಸಿಬ್ಬಂದಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹತ್ತು ಗಂಟೆಗೆ ಟೋಕನ್ ಪಡೆದ ನಮಗೆ ಸರದಿ ಬಂದದ್ದು ಹನ್ನೆರಡೂವರೆಗೆ. ಆದರೂ ಯಂತ್ರದ ಮುಂದಿದ್ದ ಹುಡುಗಿ, "ಅವ್ವಾ, ಬೆರಳು ಒರೆಸಿಕೊಂಡು ಸಾವಕಾಶ ಇಡ್ರಿ, ಅವಸರ ಮಾಡಬ್ಯಾಡ್ರಿ" ಎಂದು ನಾಲ್ಕು ಸಲ ಪ್ರಯತ್ನಿಸಿ, ಕಣ್ಣಿನ ಪಾಪೆ ಮತ್ತು ಭಾವಚಿತ್ರವನ್ನೂ ಹೊಸದಾಗಿ ತೆಗೆದುಕೊಂಡಳು. ಬಯೋಮೆಟ್ರಿಕ್ ತಿದ್ದುಪಡಿಗೆ 2025ರ ಅಕ್ಟೋಬರ್ 1ರಿಂದ ನಿಗದಿಯಾಗಿರುವ 125 ರೂಪಾಯಿಯನ್ನಷ್ಟೇ ಪಡೆದು ರಸೀದಿ ಕೊಟ್ಟರು. ಹೊರಗೆ ಕಾಯುವವರಿಗೆ ನೆರಳಿಲ್ಲ, ಕುಡಿಯುವ ನೀರಿಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ ವೃದ್ಧರನ್ನು ಹಾಗೆ ನಿಲ್ಲಿಸುವುದು ಸರಿಯಲ್ಲ.

ಸರದಿಯಲ್ಲಿ ನಿಂತಾಗ ಕೇಳಿದ ಮಾತುಗಳು ಮಾತ್ರ ಇನ್ನೂ ಮನಸ್ಸಿನಲ್ಲಿವೆ. ಆಳಂದ ಕಡೆಯ ಹಿರಿಯರೊಬ್ಬರು ಚೀಲದಿಂದ ರೇಷನ್ ಕಾರ್ಡ್, ಮತದಾರರ ಚೀಟಿ, ಆಧಾರ್ ಮೂರನ್ನೂ ತೆಗೆದು ತೋರಿಸಿ, "ಕಣ್ಣು ಕೊಟ್ಟೀವಿ, ಬೆರಳು ಕೊಟ್ಟೀವಿ, ಇನ್ನೂ ನಾವು ನಾವೇ ಅಂತ ನಂಬವಲ್ರು ನೋಡ್ರಿ" ಎಂದರು. ಇದನ್ನು ಓದುಬರಹ ಬಾರದವರ ಅಂಜಿಕೆ ಎಂದು ತಳ್ಳಿಹಾಕುವವರಿಗೆ, ಆಧಾರನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ನೆನಪಿಸಬೇಕಾಗುತ್ತದೆ. ಆ ಪ್ರಕರಣದಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ಕು–ಒಂದರ ಬಹುಮತದಿಂದ ಆಧಾರನ್ನು ಎತ್ತಿಹಿಡಿದರೂ, ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ನಮ್ಮ ಹಿಂದೆ ನಿಂತಿದ್ದ ತರುಣನಿಗೆ ಈ ತೀರ್ಪಿನ ಸುದ್ದಿಯೇ ತಲುಪಿರಲಿಲ್ಲ. ಆಧಾರ್ ಇಲ್ಲದೆ ಸಿಮ್ ಸಿಗುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನ್ನೇ ನಂಬಿ ಬಂದಿದ್ದ.

ಹೇಳಿದ ಮಾತಿಗೆ ನಿಲ್ಲದಿದ್ದರೆ ನಂಬಿಕೆ ಹುಟ್ಟುವುದಾದರೂ ಹೇಗೆ? ಆಧಾರಿನ ಜೆರಾಕ್ಸ್ ಪ್ರತಿಯನ್ನು ಯಾರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿ ಬಳಸಿ ಎಂದು 2022ರ ಮೇ ತಿಂಗಳಲ್ಲಿ ಆಧಾರ್ ನೀಡುವ ವಿಶಿಷ್ಟ ಗುರುತಿನ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಎಚ್ಚರಿಕೆ ಕೊಟ್ಟಿತ್ತು. ಎರಡೇ ದಿನದಲ್ಲಿ ಆ ಪ್ರಕಟಣೆಯನ್ನು ಹಿಂಪಡೆಯಲಾಯಿತು. ಕೇಂದ್ರದ ಪಕ್ಕದ ಜೆರಾಕ್ಸ್ ಅಂಗಡಿಯ ಕಸದ ಬುಟ್ಟಿಯಲ್ಲಿ ಅಪರಿಚಿತರ ಆಧಾರ್ ಪ್ರತಿಗಳು ಹನ್ನೆರಡು ಅಂಕಿಗಳ ಸಮೇತ ಬಿದ್ದಿದ್ದವು.

ನನ್ನ ಮುಖ್ಯ ಆಕ್ಷೇಪ ಬೇರೆ. ಬೆರಳು ಮತ್ತೆ ಕೈಕೊಟ್ಟರೆ ಏನು ಮಾಡಬೇಕು ಎಂದು ಕೇಳಿದಾಗ, "ಮತ್ತ ಬರ್ರಿ" ಎಂಬ ಉತ್ತರವಷ್ಟೇ ಸಿಕ್ಕಿತು. ಬೆರಳಚ್ಚು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ತಪ್ಪಿಸಬಾರದೆಂದು ಪ್ರಾಧಿಕಾರ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಅದನ್ನು ಜನರಿಗೆ ತಿಳಿಸುವ ಒಂದು ಸಾಲೂ ಅಲ್ಲಿನ ಗೋಡೆಯ ಮೇಲಿರಲಿಲ್ಲ.

ಈ ತಿಂಗಳು ಯಂತ್ರ ಮೂರನೇ ಸಲಕ್ಕೆ ಅವ್ವನನ್ನು ಒಪ್ಪಿಕೊಂಡಿತು, ಅಕ್ಕಿ ಬಂತು. ಹಿರಿಯರನ್ನು ಕರೆದೊಯ್ಯುವವರು ಬೆಳಿಗ್ಗೆ ಬೇಗ ಹೋಗಿ, ಜೊತೆಯಲ್ಲಿ ನೀರು ಒಯ್ಯಿರಿ. ಕೇಂದ್ರದವರು ಆ ಸುತ್ತೋಲೆಯ ಮಾತನ್ನು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಟೋಕನ್ ಕೊಡುವ ಕಿಟಕಿಯ ಮೇಲೆ ಬರೆಸಿ ಹಾಕಲಿ.