ಗೊಬ್ಬರದ ಅಂಗಡಿಯಲ್ಲಿ ಎಐ ಚಾಟ್ ಸೇವೆ: ದೀರ್ಘಕಾಲ ಬಳಸಿದವರ ವಿಮರ್ಶೆ

ಗಂಗಾವತಿಯಲ್ಲಿ ಗೊಬ್ಬರ ಮತ್ತು ಕ್ರಿಮಿನಾಶಕಗಳ ಅಂಗಡಿ ನಡೆಸುವ ನಾನು ಒಂದು ಎಐ ಚಾಟ್ ಸೇವೆಯನ್ನು ತಿಂಗಳ ಚಂದಾ ಕಟ್ಟಿ ವರ್ಷಕ್ಕೂ ಮಿಕ್ಕಿ ಬಳಸಿದ್ದೇನೆ. ಕಂಪನಿಗಳಿಗೆ ಇಂಗ್ಲಿಷ್ ಪತ್ರ ಬರೆಯುವುದು, ದಾಸ್ತಾನಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹೊಂದಿಸುವುದು, ಉದ್ದನೆಯ ಸುತ್ತೋಲೆಯ ಸಾರ ತೆಗೆಯುವುದು, ಇಷ್ಟರಲ್ಲಿ ಅದು ಕೊಟ್ಟ ಹಣಕ್ಕೆ ಮೋಸ ಮಾಡಿಲ್ಲ.

ತೊಡಕಿರುವುದು ಬೆಳೆಯ ವಿಷಯದಲ್ಲಿ. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗ ಏನು ಸಿಂಪಡಿಸಬೇಕೆಂದು ಕನ್ನಡದಲ್ಲಿ ಕೇಳಿದ್ದಕ್ಕೆ, ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧವೊಂದನ್ನು ಯಾವ ಅಳುಕೂ ಇಲ್ಲದೆ ಸೂಚಿಸಿತು. ಈ ಗುಂಪಿನ ಔಷಧಗಳು ಜಿಗಿಹುಳುವನ್ನು ತಿನ್ನುವ ಜೇಡಗಳನ್ನೇ ಕೊಂದು, ಹುಳುವಿನ ಸಂಖ್ಯೆ ಮೊದಲಿಗಿಂತ ಹೆಚ್ಚಲು ಕಾರಣವಾಗುತ್ತವೆಂಬುದು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಈ ವ್ಯಾಪಾರ ಮಾಡುವವರಿಗೆ ಹೊಸ ಸಂಗತಿಯಲ್ಲ. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಸರಿಯಾಗಿತ್ತು. ಗದ್ದೆಯ ನೀರು ಬಸಿಯಬೇಕು, ಯೂರಿಯಾ ನಿಲ್ಲಿಸಬೇಕು ಎಂಬ ಸಲಹೆಯೂ ಅದರಲ್ಲಿತ್ತು. ಕನ್ನಡದಲ್ಲೂ ಲಭ್ಯವೆಂಬ ಜಾಹೀರಾತಿನಲ್ಲಿ ಈ ಅಂತರದ ಉಲ್ಲೇಖ ನನ್ನ ಕಣ್ಣಿಗೆ ಬಿದ್ದಿಲ್ಲ.

ಎಐ ಉದ್ಯಮದ ದೊಡ್ಡವರು ಆಡುವ ಮಾತೇ ಬೇರೆ. ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್, ಗೂಗಲ್ ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್, ಆಂಥ್ರೊಪಿಕ್‌ನ ಡಾರಿಯೊ ಅಮೊಡೈ ಮೂವರೂ, ಎಐನಿಂದ ಮನುಕುಲ ಅಳಿಯುವ ಅಪಾಯವನ್ನು ತಗ್ಗಿಸುವುದು ಜಾಗತಿಕ ಆದ್ಯತೆಯಾಗಬೇಕೆಂಬ ಹೇಳಿಕೆಗೆ 2023ರ ಮೇ ತಿಂಗಳಲ್ಲಿ ಸಹಿ ಹಾಕಿದರು. ಆಮೇಲೂ ಮೂರು ಸಂಸ್ಥೆಗಳು ಇನ್ನಷ್ಟು ಬಲವಾದ ಎಐ ಮಾದರಿಗಳನ್ನು ಹೊರತರುತ್ತಲೇ ಇವೆ. ಅವರ ಭಯ ಪ್ರಾಮಾಣಿಕವೇ ಇರಬಹುದು. ಆದರೆ ಅಷ್ಟು ಭಯಂಕರವಾದ ಶಕ್ತಿ ತಮ್ಮ ಕೈಯಲ್ಲಿದೆಯೆಂಬ ಮಾತು ಹೂಡಿಕೆದಾರರ ಕಿವಿಗೆ ಎಚ್ಚರಿಕೆಗಿಂತ ಹೆಚ್ಚಾಗಿ ಪ್ರಚಾರದಂತೆ ಕೇಳಿಸುತ್ತದೆ. 2015ರಲ್ಲಿ ಲಾಭರಹಿತ ಸಂಸ್ಥೆಯಾಗಿ ಹುಟ್ಟಿದ ಓಪನ್‌ಎಐ, 2019ರಲ್ಲಿ ಲಾಭದ ಅಂಗವೊಂದನ್ನು ಕಟ್ಟಿಕೊಂಡು, ಮೈಕ್ರೋಸಾಫ್ಟ್‌ನಿಂದ 100 ಕೋಟಿ ಡಾಲರ್ ಹೂಡಿಕೆ ಪಡೆದದ್ದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

2025ರಲ್ಲಿ ಏರ್‌ಟೆಲ್ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ, ಜಿಯೊ ಗ್ರಾಹಕರಿಗೆ ಜೆಮಿನಿ ಪ್ರೊ ಎಂಬ, ಚಂದಾ ಕಟ್ಟಿ ಬಳಸುವ ಎಐ ಸೇವೆಗಳು ಉಚಿತವಾದವು. ಚಾಟ್‌ಜಿಪಿಟಿ ಗೋ ಕೂಡ ಭಾರತದಲ್ಲಿ ಒಂದು ವರ್ಷ ಉಚಿತವೆಂದು ಘೋಷಣೆಯಾಯಿತು. ನಮ್ಮ ವ್ಯಾಪಾರದಲ್ಲಿ ಹೊಸ ಕಂಪನಿಯವರು ಮೊದಲ ಹಂಗಾಮಿಗೆ ಸ್ಯಾಂಪಲ್ ಬಾಟಲಿ ಕೊಟ್ಟು ಹೋಗಿ ಎರಡನೆಯ ಹಂಗಾಮಿಗೆ ದರಪಟ್ಟಿ ತರುತ್ತಾರೆ. ಎಐ ಕಂಪನಿಗಳ ಬಳಿಯಾದರೆ ದರಪಟ್ಟಿಯ ಜೊತೆಗೆ, ಅಷ್ಟು ದಿನ ನಾವು ಕೇಳಿದ ಪ್ರಶ್ನೆಗಳೂ ಇರುತ್ತವೆ.

ಈಚೆಗೆ ಕೆಲವು ರೈತರು ಎಐ ಹೇಳಿದ ಔಷಧದ ಹೆಸರನ್ನು ಮೊಬೈಲಿನಲ್ಲಿ ತೋರಿಸಿ ಅದನ್ನೇ ಕೊಡಿ ಎನ್ನುತ್ತಾರೆ. ಅವರಿಗೆ ಮೊದಲು ಇಲ್ಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಲು ಹೇಳುತ್ತೇನೆ. ಪತ್ರ, ಲೆಕ್ಕಪತ್ರಗಳಿಗಾಗಿ ತಿಂಗಳ ಚಂದಾ ಮುಂದುವರಿಸಿದ್ದೇನೆ, ರಿಯಾಯಿತಿ ಕೊಟ್ಟರೂ ವರ್ಷದ ಚಂದಾ ಕಟ್ಟಿಲ್ಲ. ಕಚೇರಿ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ಕನ್ನಡದ ಕೃಷಿ ಸಲಹೆಗೆ ಒಂದು.