ಚಿಕ್ಕಮ್ಮ ಕೊಟ್ಟ ಲೂಯಿ ವಿಟಾನ್ ಸ್ಪೀಡಿ 30: ಹನ್ನೆರಡು ವರ್ಷ ಬಳಸಿದ ಮೇಲೆ

ನನ್ನ ಚಿಕ್ಕಮ್ಮ ದುಬೈಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಗ, ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ 2004ರ ಕೊನೆಯಲ್ಲಿ ಲೂಯಿ ವಿಟಾನ್ ಎಂಬ ಫ್ರೆಂಚ್ ಕಂಪನಿಯ ಈ ದುಬಾರಿ ಕೈಬ್ಯಾಗನ್ನು ಕೊಂಡರು. ಕೆಲಸ ಬಿಟ್ಟು ಮಂಗಳೂರಿಗೆ ಮರಳಿದ ಮೇಲೆ, 2013ರಲ್ಲಿ, ಅದನ್ನು ನನಗೆ ಕೊಟ್ಟರು. ಶಾಲಾ ಶಿಕ್ಷಕಿಯ ಸಂಬಳದಲ್ಲಿ ಇಂಥದ್ದನ್ನು ಹೊಸದಾಗಿ ಕೊಳ್ಳುವ ಯೋಚನೆ ನನಗೆ ಎಂದೂ ಬಂದಿರಲಿಲ್ಲ. ಹಾಗಾಗಿ ಕೊಟ್ಟ ಹಣಕ್ಕೆ ತಕ್ಕ ವಸ್ತುವೇ ಎಂಬುದನ್ನು ನಾನು ಹೇಳಲಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದಾಗ ಅದರಲ್ಲಿ ಏನು ಉಳಿಯುತ್ತದೆ, ಏನು ಕೆಡುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಬ್ಯಾಗಿನ ಮೈಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಚರ್ಮವಲ್ಲ, ನೀರು ಇಳಿಯದಂತೆ ಲೇಪನ ಕೊಟ್ಟ ಹತ್ತಿ ಬಟ್ಟೆ ಎಂಬುದು ಅನೇಕರಿಗೆ ತಿಳಿದೇ ಇದೆ, ಮತ್ತು ಆ ಬಟ್ಟೆ ಇಂದಿಗೂ ಗಟ್ಟಿಯಾಗಿದೆ. ನನ್ನ ಮನಸ್ಸೆಲ್ಲ ಇರುವುದು ಅದರ ಎರಡು ಹಿಡಿಗಳ ಮೇಲೆ. ಅವು ಮರದ ತೊಗಟೆಯಂಥ ಸಸ್ಯಮೂಲದ ಒಗರಿನಿಂದ ಹದಮಾಡಿದ, ಮೇಲೆ ಬಣ್ಣ ಬಳಿಯದ ಹಸುವಿನ ಚರ್ಮದವು. ಹೊಸದರಲ್ಲಿ ಬೆಣ್ಣೆಯ ಬಣ್ಣಕ್ಕಿರುವ ಆ ಚರ್ಮ ಬೆಳಕು, ಬೆವರು ಮತ್ತು ಅಂಗೈಯ ಜಿಡ್ಡನ್ನು ಹೀರುತ್ತಾ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೂ ಕೊನೆಗೆ ಬೆಲ್ಲದ ಬಣ್ಣಕ್ಕೂ ತಿರುಗುತ್ತದೆ. ನನಗೆ ಸಿಕ್ಕಾಗ ಒಂದು ಹಿಡಿ ಇನ್ನೊಂದಕ್ಕಿಂತ ಕಪ್ಪಾಗಿತ್ತು. ಅದರ ಒಳಮೈಯಲ್ಲಿ, ಚಿಕ್ಕಮ್ಮನ ಉಂಗುರ ಒಂಬತ್ತು ವರ್ಷ ಒತ್ತಿದ ಜಾಗದಲ್ಲಿ, ಉಗುರಿನ ತುದಿಯಷ್ಟು ಅಗಲದ ತಗ್ಗು ಮೂಡಿತ್ತು. ನನ್ನ ಬೆರಳು ಅಲ್ಲಿ ತಾನಾಗಿಯೇ ಹೋಗಿ ಕೂರುತ್ತಿತ್ತು. ಆ ಸುಖವನ್ನು ನಾನು ನಿರೀಕ್ಷಿಸಿರಲಿಲ್ಲ.

ಕರಾವಳಿಯ ಮಳೆಗಾಲದಲ್ಲಿ ಇಂಥ ಚರ್ಮವನ್ನು ಕಾಪಾಡುವುದು ಸುಲಭವಲ್ಲ. ಮೊದಲ ವರ್ಷ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಆಗಸ್ಟಿನಲ್ಲಿ ತೆರೆದಾಗ ಹಿಡಿಗಳ ಬುಡದಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಅಂದಿನಿಂದ ಹಳೆಯ ಪಂಚೆಯಿಂದ ಹೊಲಿದ ಚೀಲವೇ ಅದರ ಹೊದಿಕೆ. ಶಾಲೆಯಿಂದ ಬಂದ ಕೂಡಲೇ ಒಣಗಿದ ಬೈರಾಸಿನ ತುದಿಯಿಂದ ಹಿಡಿಗಳನ್ನು ಒರೆಸುತ್ತೇನೆ. ಭಾನುವಾರ ಬೆಳಿಗ್ಗೆ ಬ್ಯಾಗನ್ನು ಖಾಲಿ ಮಾಡಿ, ಜಿಪ್ ತೆರೆದು, ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಅರ್ಧ ದಿನ ಇಡುತ್ತೇನೆ. ನುಸಿಗುಳಿಗೆಯನ್ನು ಹತ್ತಿರವೂ ತರುವುದಿಲ್ಲ, ಏಕೆಂದರೆ ಅದರ ವಾಸನೆ ಚರ್ಮಕ್ಕೆ ಹತ್ತಿದರೆ ಬಿಡುವುದಿಲ್ಲ. ಒಳಜೇಬಿನ ಚರ್ಮದ ಪಟ್ಟಿಯ ಮೇಲೆ ಎರಡು ಅಕ್ಷರಗಳ ನಂತರ 0094 ಎಂದು ಒತ್ತಿದೆ. ಆ ಕಾಲದ ಕ್ರಮದಲ್ಲಿ ಮೊದಲ ಮತ್ತು ಮೂರನೆಯ ಅಂಕಿ ತಿಂಗಳನ್ನೂ, ಎರಡನೆಯ ಮತ್ತು ನಾಲ್ಕನೆಯ ಅಂಕಿ ವರ್ಷವನ್ನೂ ಸೂಚಿಸುವುದರಿಂದ, ಇದು 2004ರ ಸೆಪ್ಟೆಂಬರಿನಲ್ಲಿ ತಯಾರಾದದ್ದು. ಈ ಸಂಖ್ಯೆಯೊಂದರಿಂದಲೇ ಬ್ಯಾಗು ಅಸಲಿ ಎಂದು ಸಾಬೀತಾಗುವುದಿಲ್ಲ. ಚಿಕ್ಕಮ್ಮ ಬಿಲ್ಲನ್ನೂ ಜೋಪಾನವಾಗಿ ಇಟ್ಟು ಕೊಟ್ಟದ್ದು ದೊಡ್ಡ ಉಪಕಾರ.

ಇನ್ನು ನನ್ನ ನೋವಿನ ಸಂಗತಿ. ಎರಡು ವರ್ಷದ ಹಿಂದೆ, ಮಗಳಿಗೆ ಕೊಡುವ ಮೊದಲು ಹಿಡಿಯ ಬುಡದಲ್ಲಿ ಬಿಚ್ಚಿದ್ದ ಹೊಲಿಗೆಯನ್ನು ಸರಿಮಾಡಿಸೋಣವೆಂದು ಚರ್ಮದ ವಸ್ತುಗಳನ್ನು ರಿಪೇರಿ ಮಾಡುವ ಅಂಗಡಿಯೊಂದಕ್ಕೆ ಕೊಟ್ಟೆ. ಹೊಲಿಗೆ ಚೆನ್ನಾಗಿಯೇ ಆಗಿತ್ತು. ಆದರೆ ನನ್ನನ್ನು ಒಂದು ಮಾತೂ ಕೇಳದೆ, ಎರಡೂ ಹಿಡಿಗಳು ಒಂದೇ ಬಣ್ಣಕ್ಕೆ ಬರಲೆಂದು ಅವರು ಕಂದು ಬಣ್ಣ ಬಳಿದು ಹೊಳಪು ಕೊಟ್ಟಿದ್ದರು. ಉಂಗುರದ ತಗ್ಗನ್ನೂ ಏನೋ ಮೆತ್ತಿ ತುಂಬಿ ನಯಗೊಳಿಸಿದ್ದರು. ‘ಹೊಸದರಂತೆ ಆಗಿದೆ ನೋಡಿ ಮೇಡಂ’ ಎಂದು ಅವರು ಸಂತೋಷದಿಂದಲೇ ತೋರಿಸಿದಾಗ ನನಗೆ ಮಾತು ಹೊರಡಲಿಲ್ಲ. ಮನೆಗೆ ಬಂದು ಅತ್ತೆ. ಮನೆಯ ಹಿರಿಯರ ವಸ್ತುವನ್ನು ರಿಪೇರಿಗೆ ಕೊಡುವವರಲ್ಲಿ ನನ್ನದೊಂದು ವಿನಂತಿ: ಯಾವ ಭಾಗವನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ, ಕೊಡುವ ಮುನ್ನ ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ಬೇಸರದಲ್ಲಿ ಅದನ್ನು ಕೆಲವು ತಿಂಗಳು ಕಪಾಟಿನಿಂದ ಹೊರಗೆ ತೆಗೆಯಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ರಜೆಗೆ ಬಂದವಳು ತಾನೇ ಕೇಳಿ ಒಯ್ದಳು. ಅಲ್ಲಿನ ಹವೆಯಲ್ಲಿ ಇಲ್ಲಿಯಷ್ಟು ತೇವವಿಲ್ಲದಿರುವುದರಿಂದ, ಈಗ ಬ್ಯಾಗು ಜೂನಿನಲ್ಲಿ ಬೆಂಗಳೂರಿಗೆ ಹೋಗಿ ದೀಪಾವಳಿಗೆ ಅವಳೊಂದಿಗೆ ಊರಿಗೆ ಬರುತ್ತದೆ. ಕಳೆದ ದೀಪಾವಳಿಗೆ ಬಂದಾಗ ಹಿಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಳಿದ ಬಣ್ಣ ಅವಳ ಅಂಗೈ ತಾಗುವ ಕಡೆ ಸವೆದು, ಅಡಿಯಿಂದ ಹಳೆಯ ಬೆಲ್ಲದ ಬಣ್ಣ ಇಣುಕುತ್ತಿತ್ತು. ತಗ್ಗಿನಲ್ಲಿ ಮೆತ್ತಿದ್ದೂ ಒಂದು ಅಂಚಿನಲ್ಲಿ ಎದ್ದಿತ್ತು. ಮಗಳು ಅದನ್ನು ಉಗುರಿನಿಂದ ಕೀಳಲು ಹೊರಟಳು. ತಾನಾಗಿಯೇ ಉದುರಲಿ, ಬಿಡು ಎಂದೆ.